ಗಡಸು ನೀರು ಮತ್ತು ಉಪಾಧಿಯ ವಿಚಾರ

ಒಂದು ದ್ರವ್ಯದಲ್ಲಿ ಕಾಣುವ ಗುಣವು ಅದರ ಸ್ವಭಾವವೋ, ಜೊತೆಗೂಡಿದ ಬೇರೊಂದು ವಸ್ತುವಿನಿಂದ ತೋರಿದ್ದೋ ಎಂಬ ಪ್ರಶ್ನೆಯನ್ನು ನ್ಯಾಯ-ವೈಶೇಷಿಕ ದರ್ಶನವು ನೀರನ್ನು ಮುಂದಿಟ್ಟುಕೊಂಡು ಸೂಕ್ಷ್ಮವಾಗಿ ವಿಚಾರಿಸಿದೆ. ಅದರ ಪ್ರಕಾರ ಶೀತಸ್ಪರ್ಶ, ಬಿಳುಪು, ಮಧುರ ರಸಗಳು ನೀರಿಗೆ ಸಹಜವಾದವು. ಸ್ನೇಹ, ಎಂದರೆ ಹಿಟ್ಟನ್ನು ಮುದ್ದೆಗಟ್ಟಿಸುವ, ಕೊಳೆಯನ್ನು ತೊಳೆಯುವ ನುಣುಪು, ನೀರಿನ ವಿಶೇಷ ಗುಣ. 17ನೆಯ ಶತಮಾನದ ವಿಶ್ವನಾಥ ಪಂಚಾನನನ 'ನ್ಯಾಯಸಿದ್ಧಾಂತಮುಕ್ತಾವಲಿ'ಯು, ಯಮುನೆಯ ನೀರು ನೀಲಿಯಾಗಿ ತೋರುವುದು ಉಪಾಧಿಯಿಂದ, ಎಂದರೆ ತನ್ನ ಧರ್ಮವನ್ನು ಪಕ್ಕದ ವಸ್ತುವಿನದೆಂಬಂತೆ ತೋರಿಸುವ ನಿಮಿತ್ತದಿಂದ ಎಂದು ಹೇಳಿ, ಆ ನೀರನ್ನು ಮೇಲಕ್ಕೆ ಚಿಮ್ಮಿಸಿದಾಗ ಬಿಳುಪೇ ಕಾಣುವುದನ್ನು ಸಾಕ್ಷಿಯಾಗಿ ಕೊಡುತ್ತದೆ.

ಕೋಲಾರದ ಕಡೆಯ ಆಳದ ಕೊಳವೆಬಾವಿಗಳ ಗಡಸು ನೀರಿನಲ್ಲಿ ಗಡ್ಡ ಬೋಳಿಸಿಕೊಳ್ಳುವವನಿಗೆ ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಕೂದಲನ್ನು ನೆನೆಸಿ ಮೆತ್ತಗಾಗಿಸುವುದು ನೀರಿನ ಕೆಲಸ, ನೊರೆಯಾಗಿ ನಿಂತು ಅಲಗನ್ನು ಜಾರಿಸುವುದು ಸಾಬೂನಿನ ಕೆಲಸ. ಆದರೆ ನೆಲದಡಿಯ ಬಂಡೆಗಳಿಂದ ಕರಗಿ ಬಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನ ಕೊಬ್ಬಿನ ಆಮ್ಲಗಳೊಡನೆ ಕೂಡಿ ಕರಗದ ಗಷ್ಟಾಗುವುದರಿಂದ, ಬ್ರಷ್ಷನ್ನು ಎಷ್ಟು ತಿರುವಿದರೂ ನೊರೆ ಏಳದೆ, ಎದ್ದದ್ದೂ ಕೆನ್ನೆಯ ಮೇಲೆ ನಿಲ್ಲದೆ ನೀರಾಗಿ ಇಳಿದು, ಬ್ಲೇಡಿನ ಅಂಚಿಗೆ ಒಡೆದ ಹಾಲಿನಂಥ ಜಿಗುಟು ಚೂರುಗಳು ಅಂಟುತ್ತವೆ, ಚರ್ಮ ಉರಿಯುತ್ತದೆ. ನೀರೇ ಒರಟೆಂದು ಅನುಭವ ಹೇಳಿದರೆ, ಆ ಒರಟುತನ ನೀರಿನಲ್ಲಿ ಬೆರೆತ ಪೃಥಿವಿಯದು, ಎಂದರೆ ಮಣ್ಣಿನಂಶದ್ದು ಎಂದು ನೈಯಾಯಿಕನು ಹೇಳಬೇಕಾಗುತ್ತದೆ.

ಒಂದು ಹಂತದವರೆಗೆ ಅವನ ಪಕ್ಷವೇ ಗೆಲ್ಲುತ್ತದೆ. ಗಡಸುತನಕ್ಕೆ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾರಣವಾಗಿದ್ದರೆ, ಕುದಿಸಿದಾಗ ಅದು ಕರಗದ ಕಾರ್ಬೊನೇಟಾಗಿ ಪಾತ್ರೆಯ ತಳಕ್ಕೆ ಬಿಳಿಯ ಪೊರೆಗಟ್ಟುತ್ತದೆ, ತಿಳಿನೀರಿನಲ್ಲಿ ನೊರೆ ಏಳುತ್ತದೆ. ಯಮುನೆಯ ನೀರನ್ನು ಚಿಮ್ಮಿಸುವ ಪರೀಕ್ಷೆಗಿಂತ ಇದು ಬಲವಾದ ಸಾಕ್ಷ್ಯ, ಏಕೆಂದರೆ ಇಲ್ಲಿ ಉಪಾಧಿಯೇ ಬೇರ್ಪಟ್ಟು ಕಣ್ಣಿಗೆ ಬೀಳುತ್ತದೆ.

ತೊಡಕಿರುವುದು ಸಲ್ಫೇಟ್, ಕ್ಲೋರೈಡುಗಳಿಂದಾದ ಶಾಶ್ವತ ಗಡಸುತನದಲ್ಲಿ. ಅದು ಕುದಿಸಿದರೆ ಹೋಗದು. ಮನೆಗಳಲ್ಲಿ ಕೂರಿಸುವ ಸಾಫ್ಟನರ್ ಯಂತ್ರವು ನೀರನ್ನು ರಾಳದ ಮಣಿಗಳ ನಡುವೆ ಹಾಯಿಸಿ, ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಂಡು ಅದರ ಜಾಗಕ್ಕೆ ಸೋಡಿಯಮ್ಮನ್ನು ಬಿಡುತ್ತದೆ. ನೊರೆ ಹುಲುಸಾಗಿ ಏಳುತ್ತದೆ, ಅಲಗು ಹಾಯಾಗಿ ಜಾರುತ್ತದೆ, ನೀರಿನ ಸಹಜ ಸ್ನೇಹವೇ ಮರಳಿತೆಂಬ ನಂಬಿಕೆ ಹುಟ್ಟುತ್ತದೆ. ಆಗಿರುವುದಾದರೋ ಒಂದು ಉಪಾಧಿ ತೊಲಗಿ, ಕೆಲಸಕ್ಕೆ ಅಡ್ಡಬಾರದ ಇನ್ನೊಂದು ಉಪಾಧಿ ಬಂದು ಕೂತದ್ದು.

ಅದ್ವೈತಿಗಳು ಉಪಾಧಿಯ ಕಲ್ಪನೆಯನ್ನು ಆತ್ಮನ ವಿಷಯಕ್ಕೆ ತಂದು, ಕರ್ತೃತ್ವ, ದುಃಖ ಮೊದಲಾದವು ಅಂತಃಕರಣದ, ಎಂದರೆ ಮನಸ್ಸು-ಬುದ್ಧಿಗಳ ಧರ್ಮಗಳೇ ಹೊರತು ಆತ್ಮನವಲ್ಲ ಎನ್ನುವುದರಿಂದ, ಈ ತೊಡಕು ಅವರಿಗೆ ಇನ್ನೂ ಹತ್ತಿರದ್ದು. ಕಳವಳ ಅಡಗಿದ ಮೇಲೆ ದೊರೆತ ಶಾಂತಿಯು ಸ್ವರೂಪದ ಅರಿವೋ, ಹಿತವಾದ ಮತ್ತೊಂದು ಉಪಾಧಿಯೋ ಎಂಬುದನ್ನು ಅನುಭವದ ಹಿತವೊಂದೇ ತೀರ್ಮಾನಿಸಲಾರದು. ಸದಾನಂದನ 'ವೇದಾಂತಸಾರ'ವು ರಸಾಸ್ವಾದವನ್ನು, ಎಂದರೆ ಅಖಂಡ ವಸ್ತುವಾದ ಬ್ರಹ್ಮವನ್ನು ಮುಟ್ಟದೆಯೇ, ಅರಿಯುವವನು-ಅರಿವು ಎಂಬ ಭೇದ ಇನ್ನೂ ಉಳಿದಿರುವ ಸವಿಕಲ್ಪ ಸಮಾಧಿಯ ಆನಂದವನ್ನು ಸವಿಯುವುದನ್ನು, ಸಮಾಧಿಯ ನಾಲ್ಕು ವಿಘ್ನಗಳಲ್ಲಿ ಎಣಿಸಿರುವುದರ ಹಿಂದೆ ಇಂಥದೇ ಎಚ್ಚರವಿದೆ.