ಛಾವಣಿಯ ಮೇಲಿನ ಹೊರೆ

ಹೊರೆಯು ಕಣ್ಮರೆಯಾದ ಮಾತ್ರಕ್ಕೆ ಮನುಷ್ಯನು ಹಗುರನಾಗುವನೆ? ಕಾರಿನ ಛಾವಣಿಗೆ ಪಟ್ಟಿಗಳಿಂದ ಬಿಗಿಯುವ ಮೆತ್ತನೆಯ ಸಾಮಾನು ಚೀಲವು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಕಾಸರಗೋಡಿನಿಂದ ಸುಳ್ಯ, ಸಂಪಾಜೆಯ ಮಾರ್ಗವಾಗಿ ತಲಕಾವೇರಿಗೆ ಸಂಸಾರಸಮೇತ ಹೊರಡುವೆವೆನ್ನಿ. ಹಾಸಿಗೆ, ಬಟ್ಟೆಗಳು ಮೇಲೇರಿದರೆ ಒಳಗೆ ಅಜ್ಜಿಯು ಕಾಲು ಚಾಚಿಯಾಳು, ಮಗುವು ಮಲಗೀತು. ಇದು ಸಣ್ಣ ಉಪಕಾರವಲ್ಲ. ಆದರೆ ತೆರವಾದ ಎಡೆಯನ್ನು ಕಂಡೊಡನೆ ಆಸೆಯು ಇನ್ನೆರಡು ಗಂಟುಗಳನ್ನು ತಂದಿಡುತ್ತದೆ. ಅಜ್ಜಿಯು ಮತ್ತೆ ಕಾಲು ಮಡಚಬೇಕಾಗುತ್ತದೆ.

ಭಾರವಾದರೋ ಎಲ್ಲಿಯೂ ಹೋಗಿರುವುದಿಲ್ಲ. ಮೇಲಿನ ತೂಕವು ಗುರುತ್ವಕೇಂದ್ರವನ್ನು ಎತ್ತರಿಸಿ, ಘಾಟಿಯ ತಿರುವುಗಳಲ್ಲಿ ಕಾರನ್ನು ಓಲಾಡಿಸುತ್ತದೆ. ಉಬ್ಬಿದ ಚೀಲವು ಗಾಳಿಗೆ ಅಡ್ಡಬಂದು ಹೆಚ್ಚು ಇಂಧನವನ್ನು ಬೇಡುತ್ತದೆ. ಛಾವಣಿಯು ತಾಳಬಲ್ಲ ತೂಕವನ್ನು ಕಾರಿನ ಕೈಪಿಡಿಯೇ ಹೇಳುತ್ತದೆ. ಅನೇಕ ಕಾರುಗಳಿಗೆ ಅದು 50ರಿಂದ 75 ಕಿಲೋಗ್ರಾಂ ಮಾತ್ರ. ಅಡ್ಡಸರಳುಗಳ ತೂಕವೂ ಸಾಮಾನ್ಯವಾಗಿ ಅದರಲ್ಲಿಯೇ ಸೇರಿದೆ. ಚೀಲದಲ್ಲಿ ಎಡೆಯಿದೆಯೆಂಬುದು ತುಂಬುವುದಕ್ಕೆ ಅಪ್ಪಣೆಯಲ್ಲ.

ಮೆತ್ತನೆಯ ಚೀಲಕ್ಕೆ ತನ್ನದೆಂಬ ಆಕಾರವಿಲ್ಲ. ತುಂಬಿದಷ್ಟೂ ಉಬ್ಬುತ್ತದೆ, ಬರಿದಾದರೆ ಮಡಿಕೆಯಾಗಿ ಮೂಲೆ ಸೇರುತ್ತದೆ. ನಮ್ಮ ಬೇಡಿಕೆಗಳೂ ಹಾಗೆಯೇ. ಜೈನಧರ್ಮವು ಗೃಹಸ್ಥನಿಗೆ ಸರ್ವತ್ಯಾಗವನ್ನು ವಿಧಿಸಲಿಲ್ಲ. ಪರಿಗ್ರಹಕ್ಕೊಂದು ಮಿತಿಯನ್ನು ತಾನೇ ಗೊತ್ತುಮಾಡಿಕೊಳ್ಳೆಂದಿತು. ಹೊರಡುವ ಮುನ್ನ ನಾವೂ ಅಂತಹ ಮಿತಿಯನ್ನು ನಿಶ್ಚಯಿಸಿಕೊಳ್ಳೋಣ. ತೆರವಾದ ಎಡೆಯು ವಸ್ತುಗಳದಲ್ಲ, ಜೊತೆಗೆ ಬರುವವರದೆಂದು ಬಗೆಯೋಣ.