ಲೋದೆಬಾರಿನಿಂದ ಅರಸನ ಮೇಜಿಗೆ: ದತ್ತು ಅಂದ್ರೆ ವಾಪಸ್ ಕಳಿಸದೇ ಇರೋದು

ವಾಕ್ಯಭಾಗ: 2 ಸಮುವೇಲ 9ನೇ ಅಧ್ಯಾಯ

  

ಯೌವನಸ್ಥರ ಕೂಟದಲ್ಲಿ ಒಂದು ಪ್ರಶ್ನೆ ಬಂತು. "ಪಾಸ್ಟರ್, ಶೆಲ್ಟರ್‌ನಿಂದ ಒಂದು ನಾಯಿ ದತ್ತು ತಗೋಬೇಕಂತ ಇದೀವಿ. ವಿಶ್ವಾಸಿಯ ಮನೆಯಲ್ಲಿ ನಾಯಿ ಇರಬಹುದಾ?" ಕೆಲವರು ನಕ್ಕರು. ಆದ್ರೆ ಇದು ನಗೋ ಪ್ರಶ್ನೆ ಅಲ್ಲ ಪ್ರಿಯರೇ. ಇದರ ಒಳಗೆ ಸುವಾರ್ತೆಯೇ ಅಡಗಿದೆ.

ಹಿರಿಯರು ಯಾಕೆ ಬೇಡ ಅಂತಾರೆ? ಅವರ ಕೈಯಲ್ಲೂ ವಾಕ್ಯ ಐತಿ. ಪ್ರಕಟನೆ 22:15ರಲ್ಲಿ ಪಟ್ಟಣದ ಹೊರಗಿರುವವರ ಪಟ್ಟಿಯಲ್ಲಿ ನಾಯಿಗಳು ಬರ್ತಾವೆ. ಫಿಲಿಪ್ಪಿ 3:2ರಲ್ಲಿ ಪೌಲನು ನಾಯಿಗಳ ಬಗ್ಗೆ ಎಚ್ಚರಿಸ್ತಾನೆ. ಆದ್ರೆ ಗಮನಿಸಿ ಓದಿ. ಎರಡೂ ಕಡೆ ಮಾತು ಮನುಷ್ಯರ ಬಗ್ಗೆ, ನಾಲ್ಕು ಕಾಲಿನ ಪ್ರಾಣಿ ಬಗ್ಗೆ ಅಲ್ಲ. ಪ್ರಾಣಿ ಬಗ್ಗೆ ನೇರವಾಗಿ ಹೇಳೋದು ಜ್ಞಾನೋಕ್ತಿ 12:10. ನೀತಿವಂತನು ತನ್ನ ಪ್ರಾಣಿಯ ಜೀವದ ಚಿಂತೆ ಮಾಡ್ತಾನೆ ಅಂತ ಅಲ್ಲಿದೆ. ನೀತಿಯ ಗುರುತುಗಳಲ್ಲಿ ಅದೂ ಒಂದು!

ಈಗ 2 ಸಮುವೇಲಕ್ಕೆ ಬನ್ನಿ. ಮೆಫೀಬೋಶೆತನು ಯೋನಾತಾನನ ಮಗ, ಸೌಲನ ಮೊಮ್ಮಗ. ಐದು ವರ್ಷದವನಿದ್ದಾಗ ದಾದಿ ಗಾಬರಿಯಿಂದ ಎತ್ಕೊಂಡು ಓಡುವಾಗ ಬಿದ್ದ, ಎರಡೂ ಕಾಲು ಹೋದವು. ಆಮೇಲೆ ಲೋದೆಬಾರಿನಲ್ಲಿ ಬೇರೆಯವರ ಮನೆಯಲ್ಲಿ ಬದುಕ್ತಿದ್ದ. ದಾವೀದನು ಹುಡುಕಿಸಿ ಕರೆಸಿದಾಗ ನೆಲಕ್ಕೆ ಬಿದ್ದು ಏನಂದ? ತಾನು ಸತ್ತ ನಾಯಿಗೆ ಸಮ, ನನ್ನನ್ನ ಯಾಕೆ ಕಟಾಕ್ಷಿಸ್ತೀಯ ಅಂದ. ಬರೀ ನಾಯಿ ಅಲ್ರೀ, ಸತ್ತ ನಾಯಿ. ಅರಸ ಅವನನ್ನ ಎಲ್ಲಿ ಕೂಡಿಸಿದ? ತನ್ನ ಮಕ್ಕಳ ಪಂಕ್ತಿಯಲ್ಲಿ, ತನ್ನ ಮೇಜಿನಲ್ಲಿ. ಆಮೆನ್ ಹೇಳ್ರಿ!

ಇಲ್ಲಿಂದ ಮೂರು ವಿಷಯ ಕಲಿಯೋಣ.

ಮೊದಲನೇದು: ದಾವೀದನು ಹುಡುಕಿದ್ದು ಯೋಗ್ಯತೆ ನೋಡಿ ಅಲ್ಲ. ಯೋನಾತಾನನಿಗೆ ಕೊಟ್ಟ ಮಾತಿನ ನಿಮಿತ್ತ ಹುಡುಕಿದ.

ನಾವು ನಾಯಿ ಅಂದ ಕೂಡಲೇ ಕೇಳೋದು "ಯಾವ ತಳಿ?" ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೆ ದೊಡ್ಡ ಹೆಸರು. 2005ರಲ್ಲಿ ಅದರ ಅಂಚೆಚೀಟಿಯೂ ಬಂತು. ಸಂತೋಷ. ಆದ್ರೆ ಬಸ್ ಸ್ಟ್ಯಾಂಡ್ ಹಿಂದೆ ಹುಟ್ಟಿದ್ದಕ್ಕೆ ವಂಶಾವಳಿ ಇಲ್ಲ. ಬೆಂಗಳೂರಿನ ಕ್ಯೂಪಾ ಸಂಸ್ಥೆಯಂಥ ಶೆಲ್ಟರ್‌ಗಳಲ್ಲಿ ಇರೋವು ಹೆಚ್ಚಾಗಿ ಇಂಥವೇ: ಗಾಡಿ ಹಾಯ್ದವು, ಕಾಲು ಕಳ್ಕೊಂಡವು, ಮಾಲೀಕರು ಬಿಟ್ಟು ಹೋದವು. ಹೌದು, ಸಾವಿರಾರು ರೂಪಾಯಿ ಕೊಟ್ಟು ತಂದ ತಳಿ ನಾಯಿಗಳನ್ನೂ ಮನೆ ಬದಲಾಯಿಸುವಾಗ ಬೀದಿಗೆ ಬಿಡ್ತಾರೆ. ಸೌಲನ ವಂಶ ಮೆಫೀಬೋಶೆತನನ್ನ ಕಾಪಾಡಲಿಲ್ಲ. ತಳಿ ಆ ನಾಯಿಗಳನ್ನ ಕಾಪಾಡಲಿಲ್ಲ. ಕಾಪಾಡೋದು ಒಡಂಬಡಿಕೆ!

ಕ್ಯೂಪಾ ಶುರುವಾದ ಕಥೆ ಕೇಳಿ. 1959ರಲ್ಲಿ ಕ್ರಿಸ್ಟಲ್ ರಾಜರ್ಸ್ ಅನ್ನೋ ಇಂಗ್ಲಿಷ್ ಮಹಿಳೆ ನ್ಯೂಜಿಲೆಂಡಿಗೆ ಹೊರಟಿದ್ದರು. ದಾರಿಯಲ್ಲಿ ಭಾರತದಲ್ಲಿ ಇಳಿದಾಗ ಸಾಯ್ತಾ ಬಿದ್ದಿದ್ದ ಒಂದು ಕುದುರೆ ಕಣ್ಣಿಗೆ ಬಿತ್ತು. ಮುಂದಿನ ಪ್ರಯಾಣ ಅಲ್ಲಿಗೇ ನಿಂತಿತು. ದೆಹಲಿಯಲ್ಲಿ ಕೆಲಸ ಮಾಡಿದರು, 1980ರಲ್ಲಿ ಜೈಪುರದಲ್ಲಿ ಪ್ರಾಣಿಗಳ ಆಶ್ರಯ ಕಟ್ಟಿದರು, 1991ರಲ್ಲಿ ಬೆಂಗಳೂರಿನಲ್ಲಿ ಕ್ಯೂಪಾ. ಆಗ ಅವರ ವಯಸ್ಸು ಎಂಬತ್ತು ದಾಟಿತ್ತು. 1996ರಲ್ಲಿ ತೀರಿಕೊಳ್ಳುವ ತನಕ ಹಿಂದಿರುಗಿ ಹೋಗಲಿಲ್ಲ. ಇಪ್ಪತ್ತೈದಕ್ಕೇ "ಸುಸ್ತಾಯ್ತು ಪಾಸ್ಟರ್" ಅನ್ನೋರೇ, ಕೇಳಿಸ್ತಾ?

ಎರಡನೇದು: ಮೇಜಿಗೆ ಬಂದ ಮೇಲೂ ಅವನ ಕಾಲು ಕುಂಟಾಗಿಯೇ ಇತ್ತು.

ಅಧ್ಯಾಯದ ಕೊನೇ ವಚನ ನೋಡ್ರಿ. ಅವನು ನಿತ್ಯವೂ ಅರಸನ ಮೇಜಿನಲ್ಲಿ ಊಟ ಮಾಡ್ತಿದ್ದ, ಎರಡು ಕಾಲೂ ಕುಂಟು. ಗಾಯ ಮಾಯವಾದ ಮೇಲೆ ಸೇರಿಸ್ತೀನಿ ಅಂತ ದಾವೀದನು ಷರತ್ತು ಹಾಕಲಿಲ್ಲ.

2022ರಲ್ಲಿ "777 ಚಾರ್ಲಿ" ಬಂದಾಗ ಎಷ್ಟೋ ಜನ ಕಣ್ಣೀರು ಹಾಕಿದರು. ನಾನು ಸಿನಿಮಾ ಬೋಧಿಸ್ತಾ ಇಲ್ಲ, ಗಾಬರಿ ಆಗಬೇಡಿ. ಆದ್ರೆ ಕಣ್ಣೀರು ಎರಡೂವರೆ ಗಂಟೆಯದ್ದು, ನಾಯಿ ಹತ್ತು ಹನ್ನೆರಡು ವರ್ಷದ್ದು. ಹೊಡೆತ ತಿಂದ ನಾಯಿ ಮೊದಲ ದಿನವೇ ಬಾಲ ಅಲ್ಲಾಡಿಸಲ್ಲ. ಮಂಚದ ಕೆಳಗೆ ಸೇರುತ್ತೆ, ಪೊರಕೆ ಎತ್ತಿದ್ರೆ ನಡುಗುತ್ತೆ, ತಟ್ಟೆ ಮುಟ್ಟಲ್ಲ. ಶೆಲ್ಟರಿನವರಲ್ಲಿ ಒಂದು ಲೆಕ್ಕ ಐತಿ: ಭಯ ತಗ್ಗೋಕೆ ಮೂರು ದಿನ, ಮನೆಯ ರೂಢಿ ಕಲಿಯೋಕೆ ಮೂರು ವಾರ, ಇದು ನನ್ನ ಮನೆ ಅಂತ ನಂಬೋಕೆ ಮೂರು ತಿಂಗಳು. ಕೆಲವಕ್ಕೆ ಇನ್ನೂ ಹೆಚ್ಚು. ಮೂರನೇ ದಿನಕ್ಕೇ "ಇದು ಸರಿ ಹೋಗಲ್ಲ" ಅಂತ ಫೋನ್ ಮಾಡಿದ್ರೆ ಹೇಗೆ?

ದತ್ತು ಪುತ್ರತ್ವದ ಆತ್ಮ ಸಿಕ್ಕಿದೆ ಅಂತ ರೋಮಾಪುರ 8:15 ಹೇಳ್ತದೆ. ಆದ್ರೂ ನಮ್ಮಲ್ಲಿ ಎಷ್ಟು ಜನ ಇನ್ನೂ ಮಂಚದ ಕೆಳಗೇ ಅದೀವಿ? ಅಪ್ಪನ ಕೈ ಎತ್ತಿದ್ರೆ ಹೊಡೀತಾನೆ ಅಂತ ನಡುಗ್ತೀವಿ. ಮಗುವೇ, ಆ ಕೈ ನಿನಗೆ ರೊಟ್ಟಿ ಕೊಡೋಕೆ ಎತ್ತಿದ್ದು. ಸ್ತೋತ್ರ!

ಮೂರನೇದು, ಇದು ಅತಿ ಮುಖ್ಯ: ಬೆಲೆ ತೆರಬೇಕಾದ ದಿನವೂ ಮಾತು ನಿಂತಿತು.

9ನೇ ಅಧ್ಯಾಯಕ್ಕೇ ಪುಸ್ತಕ ಮುಚ್ಚಬೇಡಿ. 21ಕ್ಕೆ ಬನ್ನಿ. ಮೂರು ವರ್ಷ ಬರಗಾಲ. ಗಿಬ್ಯೋನ್ಯರು ಸೌಲನ ಸಂತಾನದಲ್ಲಿ ಏಳು ಮಂದಿಯನ್ನ ಒಪ್ಪಿಸು ಅಂದರು. ಆ ಪಟ್ಟಿಗೆ ಸುಲಭವಾಗಿ ಸಿಗೋ ಹೆಸರು ಯಾರದ್ದು? ಓಡೋಕೂ ಆಗದವನದ್ದು. ಆದ್ರೆ ಏಳನೇ ವಚನದಲ್ಲಿ ದಾವೀದನು ಆಣೆಯ ನಿಮಿತ್ತ ಮೆಫೀಬೋಶೆತನನ್ನ ಉಳಿಸಿದ. ಮೇಜಿಗೆ ಕರೆದದ್ದು ಕೃಪೆ, ಕಷ್ಟದ ದಿನ ಬಿಟ್ಟುಕೊಡದೇ ಇದ್ದದ್ದು ದತ್ತು.

ಹಾಗಾದ್ರೆ ನಾಯಿ ತರಬೇಕು ಅನ್ನೋರೇ, ಲೂಕ 14ರಲ್ಲಿ ಗೋಪುರ ಕಟ್ಟೋನು ಮೊದಲು ಕೂತು ಲೆಕ್ಕ ಹಾಕಿದಂಗೆ ಲೆಕ್ಕ ಹಾಕ್ರಿ. ಬಾಡಿಗೆ ಮನೆಯ ಮಾಲೀಕರು ಒಪ್ಪಿದಾರಾ? ಮನೆಯವರೆಲ್ಲ ಒಂದೇ ಮನಸ್ಸಾ? ಕೆಲಸ ಬೆಂಗಳೂರಿಗೆ ವರ್ಗ ಆದ್ರೆ ಅದೂ ಬರುತ್ತಾ? ಏಪ್ರಿಲ್ ಬಿಸಿಲಿಗೆ ನೆರಳು, ನೀರು ಐತಾ? ರೇಬೀಸ್ ಲಸಿಕೆ ಪ್ರತಿ ವರ್ಷ, ಸಂತಾನಹರಣ ಚಿಕಿತ್ಸೆ ತಪ್ಪದೇ. ಕಚ್ಚಿದ್ರೆ ಅಥವಾ ಪರಚಿದ್ರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗ್ರಿ. ಪ್ರಾರ್ಥನೆಯೂ ಮಾಡೋಣ, ಲಸಿಕೆಯನ್ನೂ ಹಾಕಿಸೋಣ. ಬೀದಿ ನಾಯಿಯ ಭಯದಲ್ಲಿ ಮಕ್ಕಳನ್ನ ಶಾಲೆಗೆ ಕಳಿಸೋ ತಾಯಂದಿರು ಈ ಸಭೆಯಲ್ಲೇ ಅದಾರೆ. ಅವರ ಭಯ ಸುಳ್ಳಲ್ಲ. ಜವಾಬ್ದಾರಿಯಿಂದ ಒಂದು ನಾಯಿಯನ್ನ ಮನೆಗೆ ಸೇರಿಸಿದ್ರೆ ಆ ತಾಯಿಗೂ ಪ್ರೀತಿ ತೋರಿಸಿದಂಗೆ.

ಶೆಲ್ಟರ್ ದೂರ ಅನ್ನೋರು ಇದನ್ನ ತಿಳ್ಕೊಳ್ರಿ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಬೀದಿ ನಾಯಿ ದತ್ತು ಬೇಕಾದವರು ಸ್ಥಳೀಯ ಪುರಸಭೆಯಂಥ ಸಂಸ್ಥೆಗೆ ಅರ್ಜಿ ಕೊಡಬಹುದು ಅಂತ ಹೇಳಿತು. ಜೊತೆಗೆ ಒಂದು ಮಾತು ಸೇರಿಸಿತು: ದತ್ತು ತಗೊಂಡ ನಾಯಿ ಮತ್ತೆ ಬೀದಿಗೆ ಬರದಂತೆ ನೋಡ್ಕೊಳ್ಳೋದು ತಗೊಂಡವನ ಹೊಣೆ. ಸಾಕಿದ ಪ್ರಾಣಿಯನ್ನ ಹಸಿವು ಬಾಯಾರಿಕೆಗೆ ಬಿಟ್ಟು ಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಅಪರಾಧ. ಲೋಕದ ನ್ಯಾಯಾಲಯಕ್ಕೇ ಗೊತ್ತು, ದತ್ತು ಅಂದ್ರೆ ವಾಪಸ್ ಬಿಡೋ ಹಾಗಿಲ್ಲ ಅಂತ. ಸಭೆಗೆ ಗೊತ್ತಿರಬೇಡವಾ?

ಯಾಕೆ ಕೇಳ್ತೀನಿ ಅಂದ್ರೆ, ನಾವು ಆತ್ಮಗಳನ್ನೂ ಹಿಂಗೇ ತರ್ತೀವಿ. ಉಜ್ಜೀವನ ಕೂಟದಲ್ಲಿ ಒಬ್ಬ ಹುಡುಗ ಅಳ್ತಾ ಮುಂದೆ ಬರ್ತಾನೆ. ಚಪ್ಪಾಳೆ, ಫೋಟೋ, ವಾಟ್ಸಾಪ್ ಗುಂಪು. ಎರಡು ತಿಂಗಳಿಗೆ ಮತ್ತೆ ಕುಡಿದ ಅಂತ ಗೊತ್ತಾದ್ರೆ? ಯಾರೂ ಫೋನ್ ಮಾಡಲ್ಲ. ಅವನು ಸತ್ತ ನಾಯಿ ಅಂತ ತನ್ನನ್ನೇ ಕರ್ಕೊಳ್ತಾ ಲೋದೆಬಾರಿಗೆ ಹೋಗಿ ಕೂತಿರ್ತಾನೆ. ಕುಂಟು ಕಾಲು ಇದ್ದವನನ್ನ ಮೇಜಿಗೆ ಕರೆದು, ಕುಂಟಿದ ಅಂತ ಎಬ್ಬಿಸಿ ಕಳಿಸಿದ್ರೆ ಅದು ದಾವೀದನ ಮೇಜಲ್ಲ.

ಈ ವಾರ ನಿಮ್ಮಲ್ಲಿ ಕೆಲವರು ನಾಯಿ ತರ್ತೀರಿ, ಕೆಲವರು ಲೆಕ್ಕ ಹಾಕಿ ಈಗ ಬೇಡ ಅಂತೀರಿ. ಎರಡೂ ಸರಿ. ಆದ್ರೆ ಎಲ್ಲರೂ ಒಂದು ಕೆಲಸ ಮಾಡ್ರಿ. ಸಭೆಗೆ ಬರೋದು ಬಿಟ್ಟ ಒಬ್ಬರ ಹೆಸರು ಪವಿತ್ರಾತ್ಮನು ಈಗಲೇ ನಿಮಗೆ ನೆನಪಿಸ್ತಿದ್ದಾನೆ. ಇವತ್ತು ರಾತ್ರಿ ಊಟಕ್ಕೆ ಮುಂಚೆ ಅವರಿಗೆ ಫೋನ್ ಮಾಡ್ರಿ. ಉಪದೇಶ ಬೇಡ. ಊಟಕ್ಕೆ ಕರೀರಿ.

ಎಲ್ಲರೂ ಕಣ್ಣು ಮುಚ್ಚೋಣ. ತಂದೆಯೇ, ನಮ್ಮ ತಳಿ ನೋಡದೆ ಕರೆದಿ, ನಿನಗೆ ಸ್ತೋತ್ರ. ಕುಂಟುತ್ತಾ ಬಂದ ನಮ್ಮನ್ನ ಮೇಜಿನಿಂದ ಎಬ್ಬಿಸಲಿಲ್ಲ, ನಿನಗೆ ಸ್ತೋತ್ರ. ನಾವು ಮನೆಗೆ ತರೋ ಪ್ರತಿ ಜೀವಕ್ಕೂ, ಸಭೆಗೆ ಬರೋ ಪ್ರತಿ ಆತ್ಮಕ್ಕೂ ಕೊಟ್ಟ ಮಾತು ಉಳಿಸ್ಕೊಳ್ಳೋ ಕೃಪೆ ಕೊಡು. ಯೇಸುವಿನ ನಾಮದಲ್ಲಿ ಬೇಡ್ತೀವಿ, ಆಮೆನ್.