ಇರುಳಿನಲ್ಲಿ ತಪ್ಪಿದ ಕೈ

ತಿಪ್ಪಸಂದ್ರದ ಕಡೆಯ ರೈತನು ಮಾಗಡಿಯಲ್ಲಿ ಸಂತೆ ಮುಗಿಸಿ, ಇರುಳಿನಲ್ಲಿ ಎತ್ತಿನ ಗಾಡಿಯಲ್ಲಿ ಊರಿಗೆ ಹಿಂದಿರುಗುತ್ತಿದ್ದ ಕಾಲವೊಂದಿತ್ತು. ನಡುದಾರಿಯಲ್ಲಿ ಅವನಿಗೆ ಜೋಂಪು ಹತ್ತಿದರೂ ಎತ್ತುಗಳು ಎಚ್ಚರವಾಗಿರುತ್ತಿದ್ದುವು. ಹಗ್ಗವು ಸಡಿಲವಾದರೂ ಗಾಡಿಯು ಮನೆಯ ಮುಂದೆಯೇ ಬಂದು ನಿಲ್ಲುತ್ತಿತ್ತು. ಅವನದು ತಪ್ಪಲ್ಲವೆಂದಲ್ಲ, ಆ ತಪ್ಪನ್ನು ಎತ್ತುಗಳೂ ನೆಲವೂ ಹಂಚಿಕೊಂಡು ಹೊರುತ್ತಿದ್ದುವು. ಇಂದು ಅದೇ ಹೊಲದ ಬದುವಿನಲ್ಲಿ ರಾತ್ರಿ ನಿಂತು ತಲೆಯೆತ್ತಿದವನಿಗೆ ಮಿನುಗುತ್ತ ಸಾಗುವ ವಿಮಾನದ ದೀಪವು ಕಂಡೀತು. ಮಾಗಡಿಯನ್ನು ಆಳಿದ ವಂಶದ ಕೆಂಪೇಗೌಡನ ಹೆಸರನ್ನೇ ಹೊತ್ತ ದೇವನಹಳ್ಳಿಯ ನಿಲ್ದಾಣದಿಂದ ಎದ್ದುದು ಅದಾಗಿರಬಹುದು. ಅದನ್ನು ನಡೆಸುವವನ ಕೈ ತಪ್ಪಿದರೆ ಹೊರುವುದಕ್ಕೆ ಅಲ್ಲಿ ಎತ್ತೂ ಇಲ್ಲ, ನೆಲವೂ ಇಲ್ಲ. ಅಂತಹವನ ತಪ್ಪನ್ನು ಯಾವ ತಕ್ಕಡಿಯಲ್ಲಿಟ್ಟು ತೂಗಬೇಕು?

1978ನೆಯ ಇಸವಿಯ ಮೊದಲ ದಿನ, ರಾತ್ರಿ ಎಂಟು ಗಂಟೆ ಕಳೆದ ಮೇಲೆ, ಏರ್ ಇಂಡಿಯಾ ಸಂಸ್ಥೆಯ ‘ಎಂಪರರ್ ಅಶೋಕ’ ಎಂಬ ಬೋಯಿಂಗ್ 747 ವಿಮಾನವು ಮುಂಬಯಿಯಿಂದ ದುಬೈಗೆ ಹೊರಟಿತು. ದಡವನ್ನು ದಾಟಿ ಬಲಕ್ಕೆ ತಿರುಗಿ ಮತ್ತೆ ಸಮನಾಯಿತು. ಆದರೆ ಮುಖ್ಯ ಚಾಲಕನ ಮುಂದಿದ್ದ, ವಿಮಾನವು ಯಾವ ಕಡೆಗೆ ವಾಲಿದೆಯೆಂಬುದನ್ನು ತೋರುವ ಸಾಧನವು ಕೆಟ್ಟು, ಅದು ಇನ್ನೂ ಬಲಕ್ಕೇ ವಾಲಿದೆಯೆಂದು ತೋರಿಸಿತು. ಆತನು ಅದನ್ನು ನಂಬಿ ಎಡಕ್ಕೆ ಹೊರಳಿಸಿದನು. ಸಾಧನವು ಬದಲಾಗದಿರಲು ಇನ್ನಷ್ಟು ಹೊರಳಿಸಿದನು. ಸಹಚಾಲಕನ ಸಾಧನವು ನಿಜವನ್ನೇ ತೋರುತ್ತಿದ್ದಿತು. ಆದರೆ ಅವನ ಬಾಯಿಂದ ಬಂದುದು ತನ್ನದೂ ಮಗುಚಿಕೊಂಡಿದೆಯೆಂಬರ್ಥದ ಮಾತು. ಬಿಡಿಯಾಗಿ ಮೂರನೆಯದೊಂದು ಸಾಧನವೂ ಅಲ್ಲಿದ್ದಿತು. ನೆಲವನ್ನು ಬಿಟ್ಟು ಎರಡು ನಿಮಿಷ ತುಂಬುವುದರೊಳಗೆ ವಿಮಾನವು ಅರಬ್ಬೀ ಸಮುದ್ರಕ್ಕೆ ಬಿದ್ದಿತು. ಒಳಗಿದ್ದ 213 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಆ ಚಾಲಕನೇನೂ ಹೊಸಬನಲ್ಲ. ಸಾವಿರಾರು ಗಂಟೆಗಳನ್ನು ಆಕಾಶದಲ್ಲಿ ಕಳೆದವನು. ಆದರೂ ವಿಚಾರಣೆಯು, ತನ್ನ ಸಾಧನವು ಕೆಟ್ಟ ಮೇಲೆ ವಿಮಾನದ ಸ್ಥಿತಿಯ ಅರಿವು ಸಂಪೂರ್ಣವಾಗಿ ತಪ್ಪಿದ ಈತನು ವಿವೇಕಕ್ಕೆ ಹೊಂದದ ರೀತಿಯಲ್ಲಿ ಚಾಲನೆ ಮಾಡಿದುದೇ ಕಾರಣವೆಂದು ನಿರ್ಣಯಿಸಿತು. ಸಾಧನಗಳ ಮತ್ತು ವಿಮಾನದ ತಯಾರಕರ ಮೇಲೆ ಅಮೆರಿಕದಲ್ಲಿ ನಡೆದ ವ್ಯಾಜ್ಯದಲ್ಲಿ, ಅವರದು ನಿರ್ಲಕ್ಷ್ಯವೆಂಬ ಆರೋಪವನ್ನು ನ್ಯಾಯಾಲಯವು 1985ರಲ್ಲಿ ತಳ್ಳಿಹಾಕಿತು. ಹೀಗೆ ಯಂತ್ರವೂ ಅದನ್ನು ಮಾಡಿದವರೂ ಬಿಡುಗಡೆ ಹೊಂದಿದರು. ಕಟಕಟೆಯಲ್ಲಿ ಉಳಿದವನು ಬದುಕಿಲ್ಲದವನು.

ಆದರೆ ಆ ನಡತೆಯು ಅವಿವೇಕವಾಗಿದ್ದಿತೆ? ಮುಸ್ಸಂಜೆಯಲ್ಲಿ ಹಗ್ಗವನ್ನು ಹಾವೆಂದು ತಿಳಿದು ಓಡಿದವನನ್ನು ವೇದಾಂತಿಗಳು ಭ್ರಾಂತನೆಂದರೇ ಹೊರತು ಅವನ ಓಟವು ಅಸಂಗತವೆನ್ನಲಿಲ್ಲ. ಹಾವೆಂದು ಕಂಡ ಮೇಲೆ ಓಡುವುದೇ ಯುಕ್ತ. ಬಲಕ್ಕೆ ವಾಲಿದೆಯೆಂದು ಕಂಡ ಮೇಲೆ ಎಡಕ್ಕೆ ಹೊರಳಿಸುವುದೂ ಹಾಗೆಯೇ. ಅಲ್ಲದೆ ಕತ್ತಲೆಯ ಕಡಲಿನ ಮೇಲೆ ದಿಗಂತವೆಂಬುದು ಇರುವುದಿಲ್ಲ. ಕಣ್ಣು ನಿರುಪಯೋಗವಾದಾಗ ದೇಹದ ತೂಕವನ್ನು ಹೇಳುವುದು ಒಳಗಿವಿ, ಅದೂ ಸುಳ್ಳು ಹೇಳುತ್ತದೆ. ವಿಮಾನವು ವೇಗವಾಗಿ ಮುಂದೆ ನುಗ್ಗುವಾಗ ಮೂತಿಯು ಮೇಲೆದ್ದಂತೆ ತೋರುವುದು. ದೀರ್ಘವಾದ ತಿರುವು ಮುಗಿದು ಸಮನಾದಾಗ ಎದುರು ಕಡೆಗೆ ಹೊರಳಿದಂತೆ ತೋರುವುದು. ಅದಕ್ಕಾಗಿಯೇ ವೈಮಾನಿಕರಿಗೆ ಮೈಯನ್ನು ನಂಬಬೇಡ, ಯಂತ್ರವನ್ನು ನಂಬು ಎಂದು ಕಲಿಸುತ್ತಾರೆ. ಈತನು ಕಲಿತುದನ್ನೇ ಮಾಡಿದನು. ಅಂದು ಸುಳ್ಳು ಹೇಳಿದುದು ಯಂತ್ರವೇ! ಭ್ರಮೆಯನ್ನು ತೊಲಗಿಸುವುದು ಇನ್ನೊಂದು ಪ್ರಮಾಣವೆಂದು ಶಾಸ್ತ್ರವು ಹೇಳುತ್ತದೆ. ಆ ಪ್ರಮಾಣವು ಕೈಯಳತೆಯಲ್ಲಿಯೇ ಇದ್ದಿತು; ಅದನ್ನು ನೋಡುವಷ್ಟು ಹೊತ್ತು ಇರಲಿಲ್ಲ. ಹಗ್ಗವನ್ನು ಕಂಡು ಓಡಿದವನು ಮಾರನೆಯ ಬೆಳಿಗ್ಗೆ ಬಂದು ನೋಡಿ ನಗಬಹುದು.

ಕನ್ನಡದ ‘ತಪ್ಪು’ ಎಂಬ ಪದವು ಇಲ್ಲಿ ನ್ಯಾಯಾಲಯಕ್ಕಿಂತ ಹೆಚ್ಚು ತಿಳಿದಂತೆ ತೋರುತ್ತದೆ. ದಾರಿ ತಪ್ಪುವುದು, ತಾಳ ತಪ್ಪುವುದು, ಮಾತಿಗೆ ತಪ್ಪುವುದು, ಇವೆಲ್ಲಕ್ಕೂ ಧಾತುವೊಂದೇ. ಗಂಡಾಂತರವು ತಪ್ಪಿತೆನ್ನುವುದಕ್ಕೂ ಅದೇ. ಮಾತಿಗೆ ತಪ್ಪಿದವನಲ್ಲಿ ದೋಷವುಂಟು. ತಾಳ ತಪ್ಪಿದವನಲ್ಲಿ ಕುಂದು ಮಾತ್ರ. ದಾರಿ ತಪ್ಪಿದವನನ್ನು ಯಾರೂ ಬೈಯುವುದಿಲ್ಲ, ಕೈ ಹಿಡಿದು ತರುತ್ತಾರೆ. ಮುಂಬಯಿಯ ಚಾಲಕನು ಈ ಮೂರರಲ್ಲಿ ಕಡೆಯವನು. ಹಾಗಿದ್ದರೆ ಕೇಳಬೇಕಾದ ಪ್ರಶ್ನೆಯು ಆತನನ್ನು ಕುರಿತದ್ದಷ್ಟೇ ಅಲ್ಲ. ಕೈ ಹಿಡಿಯಬೇಕಾಗಿದ್ದವರು ಎಲ್ಲಿದ್ದರು?

ಹತ್ತಿರದಲ್ಲಿಯೇ ಇದ್ದರು. ಆ ಸಾಧನವನ್ನು ನೆಚ್ಚಬೇಡಿರೆಂದು ವಿಮಾನದ ಇಂಜಿನಿಯರನು ಎಚ್ಚರಿಸಲು ಯತ್ನಿಸಿದನು. ಅಷ್ಟರಲ್ಲಿ ಕಾಲವು ಮೀರಿದ್ದಿತು. ಹಿರಿಯರೆದುರಿನಲ್ಲಿ ದನಿಯೇರಿಸುವುದು ಅವಿನಯವೆಂದು ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ಯಜಮಾನರು ಲೆಕ್ಕದಲ್ಲಿ ಎಡವಿದುದನ್ನು ಕಂಡ ಮಗನು ಕೆಮ್ಮಿ ಸುಮ್ಮನಾಗುತ್ತಾನೆ. ಲೆಕ್ಕವಾದರೆ ನಾಳೆ ತಿದ್ದಬಹುದು. ಈ ವಿನಯವನ್ನು ಗುಣವೆನ್ನಬೇಕೆ ಅವಗುಣವೆನ್ನಬೇಕೆ ಎಂಬುದಕ್ಕೆ ಕನ್ನಡನಾಡಿನಲ್ಲಿಯೇ ಒಂದು ಘಟನೆಯುಂಟು. ಅದು ವಿಮಾನವು ಏರುವಾಗಿನದಲ್ಲ, ಇಳಿಯುವಾಗಿನದು. 2010ರ ಮೇ 22ರಂದು, ದುಬೈಯಿಂದ ರಾತ್ರಿಯೆಲ್ಲ ಹಾರಿ ಬಂದ ವಿಮಾನವೊಂದು ಮಂಗಳೂರಿನ ಬಜಪೆಯ ಗುಡ್ಡದ ಮೇಲಿನ ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿ 158 ಮಂದಿ ಮಡಿದರು. ಎಂಟು ಮಂದಿ ಉಳಿದರು. ದಾರಿಯಲ್ಲಿ ಬಹಳ ಹೊತ್ತು ನಿದ್ರಿಸಿದ್ದ ಮುಖ್ಯ ಚಾಲಕನು, ಹೆಚ್ಚು ಎತ್ತರದಿಂದ ಬರುತ್ತಿದ್ದರೂ ಇಳಿಸುವ ಹಟವನ್ನು ಬಿಡಲಿಲ್ಲ. ಮತ್ತೆ ಮೇಲೇರೋಣವೆಂದು ಸಹಚಾಲಕನು ಮೂರು ಬಾರಿ ಹೇಳಿದನು. ಇಳಿಯುವುದನ್ನು ತಾನೇ ನಿಲ್ಲಿಸುವ ಅಧಿಕಾರವು ಸಹಚಾಲಕನಿಗೆ ಉಂಟೆ ಇಲ್ಲವೆ ಎಂಬ ವಿಷಯದಲ್ಲಿ ನಿಯಮಗಳು ಸ್ಪಷ್ಟವಾಗಿರಲಿಲ್ಲವೆಂದೂ, ಪ್ರಾಯಶಃ ಅದರಿಂದಲೇ ಆತನು ಹೇಳಿದನಲ್ಲದೆ ಚಾಲನೆಯನ್ನು ತನ್ನ ಕೈಗೆ ತೆಗೆದುಕೊಳ್ಳಲಿಲ್ಲವೆಂದೂ ವಿಚಾರಣೆಯ ವರದಿಯಲ್ಲಿದೆ.